ಬಿಸ್ಮತ್ ವನಾಡೇಟ್ (ಬೆಳಕು ಬಿದ್ದರೆ ನೀರಿನಿಂದ ಆಮ್ಲಜನಕ ಬಿಡಿಸೋ ಹಳದಿ ಪುಡಿ) ನೀರಿನಾಗ ಹಾಕಿ ಬಿಸಿಲಿಗಿಟ್ಟರೆ ಆಮ್ಲಜನಕ ಬೇಗ ನಿಂತುಬಿಡ್ತದ, ಯಾಕ?

ರಾಯಚೂರು_ಎಂಎಸ್ಸಿ:
ಬೊರೊಸಿಲಿಕೇಟ್ ಫ್ಲಾಸ್ಕಿಗೆ 100 ಮಿಲಿ ನೀರು, ಬಿಸ್ಮತ್ ವನಾಡೇಟ್ 0.1 ಗ್ರಾಂ, ಸಿಲ್ವರ್ ನೈಟ್ರೇಟ್ 0.34 ಗ್ರಾಂ. ರಬ್ಬರ್ ಸೆಪ್ಟಮ್ (ಸೂಜಿ ಚುಚ್ಚಿ ಅನಿಲ ತೆಗೆಯೋ ಮುಚ್ಚಳ) ಹಾಕಿ, ಸ್ಟರರ್ ಮೇಲಿಟ್ಟು ಮಧ್ಯಾಹ್ನದ ಬಿಸಿಲಿಗೆ. ಸಿಲ್ವರ್ ನೈಟ್ರೇಟ್ ಬಿದ್ದ ಕೂಡ್ಲೆ ನೀರು ಹಾಲಿನಂಗ ಆಗ್ತದ. ಗುಳ್ಳೆ ಬರ್ತಾವ, ಆಮೇಲೆ ಹಳದಿ ಪುಡಿ ಕಪ್ಪಾಗಿ ಗುಳ್ಳೆ ನಿಲ್ತಾವ. ಜಿಸಿಯೊಳಗ (ಗ್ಯಾಸ್ ಕ್ರೊಮಾಟೋಗ್ರಾಫ್, ಅನಿಲಗಳನ್ನ ಬೇರ್ಪಡಿಸಿ ಅಳೆಯೋ ಯಂತ್ರ) ಆಮ್ಲಜನಕದ ಪೀಕ್ ಅದ, ಆದರ ಕತ್ತಲಲ್ಲಿಟ್ಟ ಫ್ಲಾಸ್ಕಿನೊಳಗೂ ಅದ!

ಬಳ್ಳಾರಿ_ರಸಾಯನ:
ಹಾಲಿನಂಗಾಗೋದು ಸಿಲ್ವರ್ ಕ್ಲೋರೈಡ್. ಬೋರ್ ನೀರೋ ನಲ್ಲಿ ನೀರೋ ಹಾಕೀರಿ. ಡಿಸ್ಟಿಲ್ಡ್ ನೀರನ್ನೂ ನಂಬಬ್ಯಾಡ್ರಿ. ಟೆಸ್ಟ್ ಟ್ಯೂಬಿನೊಳಗ ಸಿಲ್ವರ್ ನೈಟ್ರೇಟ್ ಎರಡು ಹನಿ ಬಿಟ್ಟು ನೋಡ್ರಿ, ತಿಳಿಯಾಗೇ ಇದ್ದರಷ್ಟೇ ಬಳಸ್ರಿ.
ಕತ್ತಲ ಫ್ಲಾಸ್ಕಿನ ಪೀಕ್ ಗಾಳಿದು. ಬೆಳಕಿಗೆ ಇಡೋಕಿಂತ ಮೊದಲು 30 ನಿಮಿಷ ಆರ್ಗಾನ್ ಹಾಯಿಸ್ರಿ. ಜಿಸಿಯ ಕ್ಯಾರಿಯರ್ ಅನಿಲವೂ (ಸ್ಯಾಂಪಲ್ಲನ್ನ ಯಂತ್ರದೊಳಗ ಹೊತ್ತೊಯ್ಯೋ ಅನಿಲ) ಆರ್ಗಾನೇ ಇರಲಿ. ಹೀಲಿಯಂ ಇದ್ದರೆ ಮಾಲಿಕ್ಯುಲರ್ ಸೀವ್ ಕಾಲಮ್ಮಿನಲ್ಲಿ (ಅನಿಲ ಬೇರ್ಪಡಿಸೋ ಕೊಳವೆ) ಆರ್ಗಾನ್, ಆಮ್ಲಜನಕ ಒಂದೇ ಪೀಕಾಗಿ ಕೂಡಿಬಿಡ್ತಾವ. ಸೋರಿಕೆ ಲೆಕ್ಕಕ್ಕೆ ನೈಟ್ರೋಜನ್ ಪೀಕ್ ನೋಡ್ರಿ: ಗಾಳಿಯೊಳಗ ನೈಟ್ರೋಜನ್ ಆಮ್ಲಜನಕದ ಸುಮಾರು 3.7 ಪಟ್ಟು, ಅದಕ್ಕ ಅದರ ಮೋಲನ್ನು 3.7ರಿಂದ ಭಾಗಿಸಿದಷ್ಟು ಆಮ್ಲಜನಕ ಹೊರಗಿಂದು, ಕಳೀರಿ.
ಗುಳ್ಳೆ ಎಣಿಸೋದು ಬಿಡ್ರಿ. ನಮ್ಮ ಬಿಸಿಲಿಗೆ ನೀರು ಕಾದು ಕರಗಿದ ಗಾಳಿಯೇ ಹೊರಬರ್ತದ. ಫ್ಲಾಸ್ಕನ್ನು ನೀರಿನ ತೊಟ್ಟಿಯಲ್ಲಿಟ್ಟು 25 ಡಿಗ್ರಿ ಆಸುಪಾಸು ಹಿಡೀರಿ.

ಕೊಪ್ಪಳ_ಕ್ಯಾಟಲಿಸ್ಟ್:
ಕಪ್ಪಾಗೋದು ಬೆಳ್ಳಿ. ಬೆಳಕಿನಾಗ ಸಿಲ್ವರ್ ಅಯಾನು ಪುಡಿಯ ಎಲೆಕ್ಟ್ರಾನ್ ತಗೊಂಡು ಬೆಳ್ಳಿ ಆಗ್ತದ, ಅಯಾನು ಮುಗಿದರೆ ಆಮ್ಲಜನಕವೂ ನಿಲ್ತದ. 4 ಸಿಲ್ವರ್ ಅಯಾನಿಗೆ 1 ಆಮ್ಲಜನಕ ಅಣು, ನಿಮ್ಮ 0.34 ಗ್ರಾಂ ಅಂದರೆ 2 ಮಿಲಿಮೋಲ್. ಎಷ್ಟೇ ಬೆಳಕು ಬಿದ್ದರೂ 0.5 ಮಿಲಿಮೋಲ್, ಅಂದರೆ 25 ಡಿಗ್ರಿಯಲ್ಲಿ ಸುಮಾರು 12 ಮಿಲಿ ಆಮ್ಲಜನಕಕ್ಕಿಂತ ಮ್ಯಾಲೆ ಬರಂಗಿಲ್ಲ. ಅಷ್ಟು ಬರೋದೂ ಕಷ್ಟ, ಬೆಳ್ಳಿ ಪುಡಿಗೆ ಮೆತ್ತಿ ಬೆಳಕು ಅಡ್ಡಗಟ್ಟತದ. ಜೊತೆಗೆ ನೀರು ಆಮ್ಲೀಯ ಆಗ್ತದ. ಆ ಆಮ್ಲ ತಗ್ಗಿಸಲಿಕ್ಕೆ ಲ್ಯಾಂಥನಂ ಆಕ್ಸೈಡ್ 0.2 ಗ್ರಾಂ ಹಾಕ್ತಾರ. ಹಂಗಾಗಿ ವೇಗವನ್ನು ಶುರುವಿನ ಅಳತೆಯಿಂದ ತಗೋರಿ, ಕೊನೆಯದರಿಂದ ಅಲ್ಲ. ಬೆಳ್ಳಿ ತೆಗೀಲಿಕ್ಕೆ ನೈಟ್ರಿಕ್ ಆಸಿಡ್ಡಿನಾಗ ತೊಳೀಬ್ಯಾಡ್ರಿ ಮತ್ತ, ಪುಡಿಯೂ ಕರಗ್ತದ.

ರಾಯಚೂರು_ಎಂಎಸ್ಸಿ:
ಸಿಲ್ವರ್ ನೈಟ್ರೇಟ್ ಹಾಕದಿದ್ದರೆ ಹೈಡ್ರೋಜನ್ ಬರ್ತದೇನ್ರಿ?

ಕೊಪ್ಪಳ_ಕ್ಯಾಟಲಿಸ್ಟ್:
ಇಲ್ರಿ. ಬಿಸ್ಮತ್ ವನಾಡೇಟಿನ ಬ್ಯಾಂಡ್ ಗ್ಯಾಪ್ (ಎಲೆಕ್ಟ್ರಾನ್ ಎಬ್ಬಿಸಲಿಕ್ಕೆ ಬೇಕಾದ ಕನಿಷ್ಠ ಶಕ್ತಿ) 2.4 ಎಲೆಕ್ಟ್ರಾನ್ ವೋಲ್ಟ್, ಸುಮಾರು 520 ನ್ಯಾನೋಮೀಟರ್ ತನಕದ ಬೆಳಕು ಹಿಡೀತದ. ಆದರ ಅದರ ಕಂಡಕ್ಷನ್ ಬ್ಯಾಂಡಿನ (ಬೆಳಕಿನಿಂದ ಎದ್ದ ಎಲೆಕ್ಟ್ರಾನ್ ಸೇರೋ ಮಟ್ಟ) ಎಲೆಕ್ಟ್ರಾನಿಗೆ ಹೈಡ್ರೋಜನ್ ಬಿಡಿಸೋ ಕಸುವು ಸಾಲಂಗಿಲ್ಲ. ಎಲೆಕ್ಟ್ರಾನ್ ತಗೊಳ್ಳೋರು ಯಾರಾದ್ರೂ ಬೇಕೇ ಬೇಕು. ಬೆಳ್ಳಿ ದುಬಾರಿ ಅನಿಸಿದರೆ ಸೋಡಿಯಂ ಅಯೊಡೇಟ್ ನೋಡ್ರಿ, ಪುಡಿ ಕಪ್ಪಾಗಂಗಿಲ್ಲ.

ಬಳ್ಳಾರಿ_ರಸಾಯನ:
ಗ್ಲೌಸ್ ಹಾಕ್ರಿ. ಸಿಲ್ವರ್ ನೈಟ್ರೇಟಿನ ಕಲೆ ವಾರಗಟ್ಟಲೆ ಹೋಗಂಗಿಲ್ಲ, ವನಾಡಿಯಂ ಪುಡಿ ಮೂಗಿಗೆ ಹೋದರ ವಿಷ. ಬೆಳ್ಳಿ ಇರೋ ನೀರನ್ನ ಸಿಂಕಿಗೆ ಚೆಲ್ಲಬ್ಯಾಡ್ರಿ, ಬೇರೆ ಬಾಟಲಿಗೆ ತುಂಬಿಡ್ರಿ.