ಗುಂಡಣ್ಣನ ಪೋರ್ಷೆ, ದೊಡ್ಡಪ್ಪನ ಫಿಯೆಟ್

ನಮ್ಮ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ನಲವತ್ತಕ್ಕೂ ಜಾಸ್ತಿ ಜನ ಇದ್ದೇವೆ. ಈಚೆಗೆ ಅಲ್ಲಿ ಒಂದು ಕಾರಿನ ವಿಷಯಕ್ಕೆ ಶುರುವಾದ ಜಗಳ ಎರಡು ವಾರ ನಡೆಯಿತು. ಮನೆಯವರನ್ನು ಕೇಳಿಯೇ ಆ ಮೆಸೇಜುಗಳನ್ನು ಇಲ್ಲಿ ಹಾಕುತ್ತಿದ್ದೇನೆ. ಆಸೆಪಟ್ಟು ಕೊಂಡ ಗಾಡಿಯನ್ನು ಓಡಿಸಲು ಹೆದರಿ, ಬಟ್ಟೆ ಹೊದಿಸಿ ಇಟ್ಟವರು ನಮ್ಮ ಗುಂಡಣ್ಣ ಒಬ್ಬನೇ ಅಲ್ಲ ಅಂತ ನನಗೆ ಗೊತ್ತು.

ಗುಂಡಣ್ಣ ದೊಡ್ಡಪ್ಪನ ಮಗ. ಇರುವುದು ಅಮೆರಿಕದ ಸ್ಯಾನ್ ಹೋಸೆಯಲ್ಲಿ. ನಾನು ಅಲ್ಲೇ ಹತ್ತಿರ ಫ್ರೀಮಾಂಟ್‌ನಲ್ಲಿದ್ದೇನೆ. ಮೂರು ವರ್ಷದ ಹಿಂದೆ ಅವನು 1997ರ ಪೋರ್ಷೆ 911 ಕೊಂಡ. ಗೊತ್ತಿದ್ದವರು ಅದನ್ನು 993 ಅಂತ ಕರೆಯುತ್ತಾರೆ. ನೀರಿಲ್ಲದೆ ಗಾಳಿ ಮತ್ತು ಆಯಿಲ್‌ನಿಂದಲೇ ತಣ್ಣಗಾಗುವ ಎಂಜಿನ್ ಇದ್ದ ಕೊನೆಯ 911 ಅದು. 1998ಕ್ಕೆ ಆ ಸಾಲು ಮುಗಿಯಿತು. ಅದಕ್ಕೇ ಅದರ ಮೇಲೆ ಜನರಿಗೆ ಅಷ್ಟು ಪ್ರೀತಿ, ಅದಕ್ಕೇ ಅಷ್ಟು ಬೆಲೆ.

ಒಂದು ಶುಕ್ರವಾರ, ಊರಲ್ಲಿ ಬೆಳಗಿನ ಕಾಫಿ ಹೊತ್ತು.

ಶಿವಮೊಗ್ಗ ಅತ್ತೆ: (ಫಾರ್ವರ್ಡ್) ಮುಟ್ಟಿದವರನ್ನೆಲ್ಲ ಬಲಿ ಪಡೆದ ಶಾಪದ ಕಾರು!! 1955ರಲ್ಲಿ ಹಾಲಿವುಡ್ ನಟ ಜೇಮ್ಸ್ ಡೀನ್ ಪೋರ್ಷೆ ಕೊಂಡ. ಒಂಬತ್ತೇ ದಿನಕ್ಕೆ ಸತ್ತ. ಎಂಜಿನ್ ಕೊಂಡ ಡಾಕ್ಟರ್ ಸತ್ತ. ಟೈರ್ ಕೊಂಡವನು ಸತ್ತ. ಕಾರು ಸಾಗಿಸಿದ ಲಾರಿ ಡ್ರೈವರ್ ಸತ್ತ. ಕೊನೆಗೆ ಕಾರೇ ಮಾಯ!! ನಿಮ್ಮವರಿಗೆಲ್ಲ ಕಳಿಸಿ, ಒಂದು ಜೀವ ಉಳಿಸಿ.

ಶಿವಮೊಗ್ಗ ಅತ್ತೆ: ಗುಂಡಾ, ನಿನ್ನದೂ ಇದೇ ಕಂಪನಿದು ಅಲ್ವಾ? ಓದಿದಾಗಿನಿಂದ ಎದೆ ಡವಡವ ಅನ್ನುತ್ತಿದೆ.

ಮೈಸೂರು ದೊಡ್ಡಪ್ಪ: ನಾನು ಆವತ್ತೇ ಹೇಳಿದ್ದೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು. ಕಾರು ಇರುವುದು ನಾಲ್ಕು ಜನ ಕೂತು ಹೋಗುವುದಕ್ಕೆ.

ಬೆಂಗಳೂರು ಭಾವ: ಅತ್ತೆ, ಇದಕ್ಕೆ ಮೂಲ ಯಾವುದು? ಯಾರು ಬರೆದದ್ದು?

ಶಿವಮೊಗ್ಗ ಅತ್ತೆ: ಗ್ರೂಪಿನಲ್ಲಿ ಬಂತು.

ಬೆಂಗಳೂರು ಭಾವ: ಯಾವ ಗ್ರೂಪು?

ಶಿವಮೊಗ್ಗ ಅತ್ತೆ: ನೋಡಪ್ಪಾ, ಹೋದ ಸಲ ಅರಿಶಿನದ ವಿಷಯ ಹಾಕಿದಾಗಲೂ ನೀನು ಹೀಗೇ ಕೇಳಿದೆ. ಎಲ್ಲರ ಮುಂದೆ. ನಾನು ಏನೂ ಹೇಳಲಿಲ್ಲ.

ಅಲ್ಲಿಂದ ಅರ್ಧ ಗಂಟೆ ಅರಿಶಿನದ್ದೇ ಮಾತು. ಯಾರು ಯಾರಿಗೆ ಏನು ಅಂದರು, ಆವತ್ತು ಗ್ರೂಪು ಬಿಟ್ಟು ಹೋದವರು ಯಾರು, ವಾಪಸ್ ಸೇರಿಸಿದವರು ಯಾರು. ಅದನ್ನು ಬಿಡುತ್ತೇನೆ. ಭಾವ ಮಾತ್ರ ಪಟ್ಟು ಬಿಡಲಿಲ್ಲ.

ಬೆಂಗಳೂರು ಭಾವ: ಡೀನ್ ಸತ್ತದ್ದು ನಿಜ. 1955ರ ಸೆಪ್ಟೆಂಬರ್ 30, ಕ್ಯಾಲಿಫೋರ್ನಿಯಾದ ಚೊಲೇಮ್ ಹತ್ತಿರ. ಎದುರಿನಿಂದ ಬಂದ ಫೋರ್ಡ್ ಕಾರು ಎಡಕ್ಕೆ ತಿರುಗಿತು. ಇವನದ್ದು ನೆಲಕ್ಕೆ ಅಂಟಿದಂಥ ಸಣ್ಣ ಬೂದು ಬಣ್ಣದ ಕಾರು, ಹೊತ್ತು ಮುಳುಗುವ ಸಮಯ. ಜತೆಗಿದ್ದ ಮೆಕ್ಯಾನಿಕ್ ಬದುಕಿದ. ಫೋರ್ಡ್ ಓಡಿಸುತ್ತಿದ್ದವನು 1995ರವರೆಗೆ ಬದುಕಿದ್ದ. ಎಂಜಿನ್ ಕೊಂಡ ಡಾಕ್ಟರ್ ಸಾಯಲಿಲ್ಲ. ಬೇರೆ ಭಾಗ ಹಾಕಿಕೊಂಡಿದ್ದ ಇನ್ನೊಬ್ಬ ಡಾಕ್ಟರ್ 1956ರಲ್ಲಿ ಪೊಮೋನದ ರೇಸಿನಲ್ಲಿ ಮರಕ್ಕೆ ಗುದ್ದಿ ಸತ್ತ. ರೇಸ್ ಅದು, ಶಾಪ ಅಲ್ಲ.

ಶಿವಮೊಗ್ಗ ಅತ್ತೆ: ಆ ಮೆಕ್ಯಾನಿಕ್ ಆಮೇಲೆ ಏನಾದ? ಅದನ್ನೂ ಹೇಳು.

ಬೆಂಗಳೂರು ಭಾವ: 1981ರಲ್ಲಿ ಜರ್ಮನಿಯಲ್ಲಿ ಕಾರು ಅಪಘಾತದಲ್ಲಿ ಸತ್ತ.

ಶಿವಮೊಗ್ಗ ಅತ್ತೆ: ಮತ್ತೆ?

ಬೆಂಗಳೂರು ಭಾವ: 26 ವರ್ಷ ಆದಮೇಲೆ ಅತ್ತೆ!

ಮೈಸೂರು ದೊಡ್ಡಪ್ಪ: ಹಿರಿಯರ ಹತ್ತಿರ ಆಶ್ಚರ್ಯ ಚಿಹ್ನೆ ಹಾಕಿ ಮಾತಾಡಬಾರದು.

ಇಷ್ಟು ಹೊತ್ತು ಗುಂಡಣ್ಣ ಒಂದು ಅಕ್ಷರ ಬರೆದಿರಲಿಲ್ಲ. ಎಲ್ಲ ಓದುತ್ತಿದ್ದ, ನೀಲಿ ಟಿಕ್ ಕಾಣುತ್ತಿತ್ತು. ಅದು ನನಗೆ ಸಂಕಟ. ಅವನ ಹೆದರಿಕೆಗೆ ಶಾಪ ಗೀಪ ಬೇಕಿರಲಿಲ್ಲ. ಅದು ಆಗಲೇ ಗ್ಯಾರೇಜಿನಲ್ಲಿ ಬೇರು ಬಿಟ್ಟಿತ್ತು. ಅಷ್ಟರಲ್ಲಿ ಕಿಟ್ಟಿ ಬಂದ.

ಕಿಟ್ಟಿ: ಕಾರು ಅಂದರೆ ದೊಡ್ಡಪ್ಪನ ಫಿಯೆಟ್ಟು ಕಣ್ರಪ್ಪ! ಧರ್ಮಸ್ಥಳದಿಂದ ವಾಪಸ್ ಬರುವಾಗ ಚಾರ್ಮಾಡಿ ಹತ್ತುತ್ತಾ ಕುದಿದು ನಿಂತುಬಿಟ್ಟಿತಲ್ಲ. ಮಳೆಗಾಲ, ಬಂಡೆಯಿಂದ ಇಳಿಯುವ ನೀರನ್ನು ಹಾರ್ಲಿಕ್ಸ್ ಬಾಟಲಿಯಲ್ಲಿ ಹಿಡಿದು ರೇಡಿಯೇಟರಿಗೆ ಹಾಕಿದ್ದು. ಆಮೇಲೆ ಕೊಟ್ಟಿಗೆಹಾರದಲ್ಲಿ ನೀರ್ ದೋಸೆ. ನಾನು ಹದಿನಾಲ್ಕು ತಿಂದೆ.

ಪುಟ್ಟಕ್ಕ: ಗೇರ್ ಸ್ಟೇರಿಂಗಿನ ಪಕ್ಕದಲ್ಲೇ ಇತ್ತು. ಮುಂದೆ ಮೂರು ಜನ ಕೂರುತ್ತಿದ್ದೆವು.

ಕಿಟ್ಟಿ: ಆ ಟ್ರಿಪ್ ಆದಮೇಲೆ ಗಾಡಿ ಶೆಡ್ಡಿನಿಂದ ಆಚೆ ಬಂದದ್ದೇ ನೆನಪಿಲ್ಲ.

ಶಿವಮೊಗ್ಗ ಅತ್ತೆ: ನನಗೆ ನೆನಪಿದೆ. ನನ್ನ ಮದುವೆಗೂ ಬರಲಿಲ್ಲ.

ಇದು ನಮ್ಮ ಮನೆಯ ಹಳೇ ಗಾಯ. 1989ರಲ್ಲಿ ಅತ್ತೆಯ ಮದುವೆ. ಮನೆಯಿಂದ ಛತ್ರಕ್ಕೆ ಹೆಣ್ಣನ್ನು ಫಿಯೆಟ್ಟಿನಲ್ಲೇ ಕರೆದುಕೊಂಡು ಹೋಗುವುದು ಅಂತ ಎಲ್ಲರೂ ಅಂದುಕೊಂಡಿದ್ದರು. ಹೂವೂ ತಂದಾಗಿತ್ತು. ಬೆಳಗ್ಗೆ ದೊಡ್ಡಪ್ಪ ಗಾಡಿ ತೆಗೆಯಲಿಲ್ಲ. ಅತ್ತೆ ಬಾಡಿಗೆ ವ್ಯಾನಿನಲ್ಲಿ ಹೋದರು.

ಮೈಸೂರು ದೊಡ್ಡಪ್ಪ: ಎಷ್ಟು ಸಲ ಹೇಳಬೇಕು? ಆವತ್ತು ಮಳೆ. ಕ್ಲಚ್ ಪ್ಲೇಟ್ ಸರಿ ಇರಲಿಲ್ಲ.

ಶಿವಮೊಗ್ಗ ಅತ್ತೆ: ಹೌದು ಅಣ್ಣಯ್ಯ. ಕ್ಲಚ್ ಪ್ಲೇಟು.

ಆಮೇಲೆ ಒಂದು ಗಂಟೆ ಯಾರೂ ಏನೂ ಹಾಕಲಿಲ್ಲ. ಮೌನ ಮುರಿದದ್ದು ಗುಂಡಣ್ಣ.

ಗುಂಡಣ್ಣ: ಅತ್ತೆ, ಶಾಪದ ಯೋಚನೆ ಬೇಡ. ನಾನು ಕಾರು ಓಡಿಸುವುದೇ ಇಲ್ಲ. ಮೂರು ವರ್ಷಕ್ಕೆ 212 ಮೈಲಿ ಆಗಿದೆ. ಮಾರುವ ಯೋಚನೆ ಇದೆ.

ನಾನು ಆಫೀಸಿನಿಂದ ಮನೆಗೆ ಹೋಗುವ ದಾರಿಯಲ್ಲಿದ್ದೆ. ಕಾರನ್ನು ಪಕ್ಕಕ್ಕೆ ನಿಲ್ಲಿಸಿ ಬರೆದೆ. ಗುಂಪಿನಲ್ಲಿ ನಾನು ಬರೆದ ಅತಿ ಉದ್ದದ ಮೆಸೇಜ್ ಅದೇ ಇರಬೇಕು.

ನಾನು: ಮಾರಬೇಡ ಅಣ್ಣ. ಎಲ್ಲರೂ ಕೇಳಿ, ಇವನು ಯಾಕೆ ಓಡಿಸುವುದಿಲ್ಲ ಅಂತ ನಾನು ಹೇಳುತ್ತೇನೆ. ಕೊಂಡ ವಾರವೇ ಸಿಗ್ನಲ್ಲಿನಲ್ಲಿ ಎಡಕ್ಕೆ ತಿರುಗುವಾಗ ಗಾಡಿ ಆಫ್ ಆಯಿತು. ಹಿಂದಿನವನು ಹಾರ್ನ್ ಹೊಡೆದ. ಆವತ್ತಿನಿಂದ ಶುರು. ಹೆದ್ದಾರಿಯಲ್ಲಿ ಪಕ್ಕದ ಕಾರಿನವರು ಫೋನಿನಲ್ಲಿ ವಿಡಿಯೋ ಮಾಡುತ್ತಾ ಹತ್ತಿರ ಬರುತ್ತಾರೆ ಅಂತ ಹೆದರಿಕೆ. ಕಲ್ಲು ಸಿಡಿದು ಬಣ್ಣ ಹೋಗುತ್ತದೆ ಅಂತ ಹೆದರಿಕೆ. ಪಾರ್ಕ್ ಮಾಡಿದರೆ ಯಾರೋ ಬಾಗಿಲು ತಾಗಿಸುತ್ತಾರೆ ಅಂತ ಹೆದರಿಕೆ. ಓಡಿಸದೆ ಇದ್ದಷ್ಟೂ ಕೈ ಅಭ್ಯಾಸ ತಪ್ಪುತ್ತದೆ. ಕೈ ತಪ್ಪಿದಷ್ಟೂ ಹೆದರಿಕೆ ಜಾಸ್ತಿ. ಏಳನೇ ಕ್ಲಾಸಿನಲ್ಲಿ ನೋಟ್‌ಬುಕ್ಕಿನ ಹಿಂದಿನ ಹಾಳೆ ತುಂಬ ಇದೇ ಕಾರಿನ ಚಿತ್ರ ಬರೆದವನು ಇವನು. ಅವನಿಗೆ ಧೈರ್ಯ ಹೇಳಿ. ಸಾವಿನ ಕತೆ ಕಳಿಸಬೇಡಿ.

ಶಿವಮೊಗ್ಗ ಅತ್ತೆ: ನಾನು ಪ್ರೀತಿಗೆ ಕಳಿಸಿದ್ದು ಕಣೇ.

ನಾನು: ಗೊತ್ತು ಅತ್ತೆ.

ಮೈಸೂರು ದೊಡ್ಡಪ್ಪ: ಓಡಿಸಲೇಬೇಕು ಅಂತ ಏನಿದೆ? ವಾರಕ್ಕೊಮ್ಮೆ ಸ್ಟಾರ್ಟ್ ಮಾಡಿ ಐದು ನಿಮಿಷ ಬಿಟ್ಟರೆ ಸಾಕು. ನಾನು ಫಿಯೆಟ್ಟಿಗೆ ಹಾಗೇ ಮಾಡುತ್ತಿದ್ದೆ.

ಬೆಂಗಳೂರು ಭಾವ: ಅದರಿಂದ ಕೆಡುಕೇ ಜಾಸ್ತಿ ಮಾವ. ಎಂಜಿನ್ ಉರಿದಾಗ ನೀರಿನ ಆವಿ ಹುಟ್ಟುತ್ತದೆ. ಆಯಿಲ್ ಪೂರ್ತಿ ಬಿಸಿಯಾದರೆ ಅದು ಹಾರಿಹೋಗುತ್ತದೆ. ಐದು ನಿಮಿಷಕ್ಕೆ ಆಫ್ ಮಾಡಿದರೆ ನೀರು ಆಯಿಲ್‌ನಲ್ಲಿ, ಸೈಲೆನ್ಸರಿನಲ್ಲಿ ಉಳಿಯುತ್ತದೆ. ಒಳಗಿನಿಂದ ತುಕ್ಕು. ನಿಂತ ಗಾಡಿಯಲ್ಲಿ ಪೆಟ್ರೋಲ್ ಹಳಸುತ್ತದೆ, ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ, ಸೀಲುಗಳು ಒಣಗುತ್ತವೆ. ಗುಂಡಾ, ಟೈರ್ ಎಷ್ಟು ಹಳೇದು?

ಗುಂಡಣ್ಣ: ಹೊಸದೇ. ಮೇಲಿನ ಹೂವು ಸವೆದಿಲ್ಲ, ಚೆನ್ನಾಗಿದೆ.

ಬೆಂಗಳೂರು ಭಾವ: ಹೂವು ನೋಡಬೇಡ, ತಾರೀಖು ನೋಡು. ಹಾಲಿವುಡ್ ನಟ ಪಾಲ್ ವಾಕರ್ ಸತ್ತದ್ದು ಗೊತ್ತಲ್ಲ? 2013ರ ನವೆಂಬರ್ 30. 2005ರ ಪೋರ್ಷೆ ಕರೆರಾ ಜಿಟಿ. ಓಡಿಸುತ್ತಿದ್ದದ್ದು ಅವನ ಸ್ನೇಹಿತ. 45 ಮೈಲಿ ಮಿತಿ ಇದ್ದ ರಸ್ತೆಯಲ್ಲಿ 80ರಿಂದ 93 ಮೈಲಿ ವೇಗ. ಟೈರು ಒಂಬತ್ತು ವರ್ಷ ಹಳೇದು. ಕಾರಿನಲ್ಲಿ ಯಾವ ದೋಷವೂ ಸಿಗಲಿಲ್ಲ ಅಂತ ಪೊಲೀಸ್ ತನಿಖೆಯೇ ಹೇಳಿತು.

ಶಿವಮೊಗ್ಗ ಅತ್ತೆ: ನಾನು ಕಳಿಸಿದರೆ ಸಾವಿನ ಕತೆ. ಇವನು ಕಳಿಸಿದರೆ?

ಅತ್ತೆ ಹೇಳಿದ್ದು ನ್ಯಾಯವೇ. ಆದರೆ ಭಾವನ ಮಾತಿನಿಂದ ಒಂದು ಕೆಲಸ ಆಯಿತು.

ಶನಿವಾರ ನಾನು ಗುಂಡಣ್ಣನ ಮನೆಗೆ ಹೋದೆ. ಕಾರಿನ ಮೇಲಿನ ಬಟ್ಟೆ ತೆಗೆದೆವು. ಕಡು ನೀಲಿ ಬಣ್ಣ, ಒಂದು ಗೆರೆ ಇಲ್ಲ. ಅವನು ನೆಲದ ಮೇಲೆ ಮಲಗಿ, ಫೋನಿನ ಬೆಳಕು ಬಿಟ್ಟು ಟೈರಿನ ಪಕ್ಕೆಯಲ್ಲಿ ತಯಾರಾದ ವಾರ, ಇಸವಿ ತಿಳಿಸುವ ನಾಲ್ಕು ಅಂಕಿ ಹುಡುಕಿದ. 3112. ಅಂದರೆ 2012ನೇ ಇಸವಿಯ 31ನೇ ವಾರ ತಯಾರಾದದ್ದು. ಹೂವು ಚೆನ್ನಾಗೇ ಇತ್ತು. ಉಗುರಿನಿಂದ ಒತ್ತಿ ನೋಡಿದೆ, ಹಳೇ ಚಪ್ಪಲಿಯ ಅಟ್ಟೆಯ ಹಾಗೆ ಗಟ್ಟಿ. ಕಾರನ್ನು ಜೋಪಾನ ಮಾಡುತ್ತಿದ್ದೇನೆ ಅಂತ ಮೂರು ವರ್ಷ ಅವನು ಅಂದುಕೊಂಡಿದ್ದ. ಅವನ ಮುಖ ನೋಡಲು ಆಗಲಿಲ್ಲ.

ಆವತ್ತೇ ಹೊಸ ಟೈರಿಗೆ ಹೇಳಿದೆವು. ಬರಲು ಎಂಟು ದಿನ. ಆ ಎಂಟು ದಿನದಲ್ಲಿ ಅವನ ಒಂದೊಂದೇ ಹೆದರಿಕೆಯನ್ನು ಎದುರಿಗೆ ಇಟ್ಟುಕೊಂಡು ಕೂತೆವು. ಕಲ್ಲಿನ ಹೆದರಿಕೆಗೆ ಮುಂಭಾಗಕ್ಕೆ ಪಾರದರ್ಶಕ ಫಿಲ್ಮ್ ಹಾಕಿಸಿದ. ವಿಮೆ ನೋಡಿದರೆ ಮಾಮೂಲಿ ಪಾಲಿಸಿ. ಕಾರು ಹೋದರೆ ಹಳೇ ಕಾರು ಅಂತ ಬೆಲೆ ಕಡಿದು ಕೊಡುವಂಥದ್ದು. ಇಂಥ ಕಾರುಗಳಿಗೆ ಮೊದಲೇ ಇಬ್ಬರೂ ಒಪ್ಪಿದ ಬೆಲೆ ಬರೆದಿಡುವ ಪಾಲಿಸಿ ಇರುತ್ತದೆ. ಅದಕ್ಕೆ ಬದಲಾಯಿಸಿದ. ಆ ರಾತ್ರಿ ಚೆನ್ನಾಗಿ ನಿದ್ದೆ ಬಂತು ಅಂದ. ಸಿಗ್ನಲ್ಲಿನಲ್ಲಿ ಆಫ್ ಆಗುವ ಹೆದರಿಕೆಗೆ ಮಾತ್ರ ಏನನ್ನೂ ಕೊಳ್ಳಲು ಬರುವುದಿಲ್ಲ. ಕಾಲಿಗೇ ಕಲಿಸಬೇಕು. ಈ ಕಾರಿನ ಕ್ಲಚ್ ಪೆಡಲು ಮೇಲಿನಿಂದ ನೇತಾಡುವುದಿಲ್ಲ, ನೆಲದಿಂದ ಎದ್ದು ನಿಂತಿದೆ. ಕಾಲು ಬೇರೆ ಥರ ಇಡಬೇಕು. ಮನೆ ಹತ್ತಿರದ ಖಾಲಿ ಪಾರ್ಕಿಂಗ್ ಜಾಗದಲ್ಲಿ ಎರಡು ಸಂಜೆ ಬರೀ ಹೊರಡುವುದು, ನಿಲ್ಲಿಸುವುದು. ಮೊದಲ ದಿನ ಹನ್ನೊಂದು ಸಲ ಆಫ್ ಆಯಿತು. ಎರಡನೇ ದಿನ ಎರಡೇ ಸಲ.

ಟೈರ್ ಹಾಕಿಸಿದ ಮೇಲಿನ ಭಾನುವಾರ, ಬೆಳಗ್ಗೆ ಆರೂವರೆ. ಕೀಲಿ ಹಾಕುವ ಜಾಗ ಸ್ಟೇರಿಂಗಿನ ಎಡಗಡೆ. ಗುಂಡಣ್ಣ ಕೀಲಿ ಹಾಕಿದ, ತಿರುಗಿಸಲಿಲ್ಲ. ಅಂಗೈಯನ್ನು ಪ್ಯಾಂಟಿಗೆ ಒರೆಸಿದ. ಮತ್ತೆ ಕೀಲಿ ಹಿಡಿದ. ನಾನು ಏನೂ ಮಾತಾಡಲಿಲ್ಲ. ಎಂಜಿನ್ ಹಿಂದಿನಿಂದ ಗೊರಗೊರ ಅಂತ ಎದ್ದಿತು, ಬಿಸಿ ಆಯಿಲ್ ವಾಸನೆ ಬಂತು. ಸರಟೋಗದಿಂದ 9ನೇ ಹೆದ್ದಾರಿ ಹತ್ತಿದೆವು. ಎರಡೂ ಕಡೆ ರೆಡ್‌ವುಡ್ ಮರ, ರಸ್ತೆ ತುಂಬ ನೆರಳು. ಮೇಲೆ ಸ್ಕೈಲೈನ್ ರಸ್ತೆಗೆ ಸೇರುವವರೆಗೂ ಅವನ ಭುಜ ಕಿವಿಯ ಹತ್ತಿರವೇ ಇತ್ತು. ಒಂದು ತಿರುವಿನಲ್ಲಿ ಜಿಂಕೆ ನಿಂತಿತ್ತು. ಸುಮ್ನೆ ಬ್ರೇಕ್ ಒತ್ತಿ ನಿಲ್ಲಿಸಿದ, ಅದು ದಾಟಿತು, ಒಂದನೇ ಗೇರಿಗೆ ಹಾಕಿ ಹೊರಟ. ಆಫ್ ಆಗಲಿಲ್ಲ. ಅಲ್ಲಿಂದ ಭುಜ ಇಳಿಯಿತು. ಎದುರಿನಿಂದ ಕಾರು ತಿರುಗಲು ನಿಂತಿದ್ದಲ್ಲೆಲ್ಲ ಅವನು ನಿಧಾನ ಮಾಡುತ್ತಿದ್ದ. 'ನಮ್ಮದು ಚಿಕ್ಕ ಕಾರು, ಅವರಿಗೆ ಕಾಣದೇ ಇರಬಹುದು' ಅಂದ. ಭಾವ ಬರೆದದ್ದನ್ನು ಗುಂಪಿನಲ್ಲಿ ಒಬ್ಬನಾದರೂ ಸರಿಯಾಗಿ ಓದಿದ್ದ. 84ನೇ ಹೆದ್ದಾರಿಯಲ್ಲಿ ಇಳಿದು ವಾಪಸ್ ಬಂದಾಗ 60 ಮೈಲಿಯ ಹತ್ತಿರ ಆಗಿತ್ತು.

ಊರಲ್ಲಿ ಆಗ ರಾತ್ರಿ.

ಗುಂಡಣ್ಣ: (ಫೋಟೋ) ಹೋಗಿ ಬಂದೆವು.

ಶಿವಮೊಗ್ಗ ಅತ್ತೆ: ದೃಷ್ಟಿ ತೆಗೆಯೋ. ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟಿದ್ದೆಯಾ?

ಗುಂಡಣ್ಣ: ನಾಲ್ಕು ಇಟ್ಟಿದ್ದೆ ಅತ್ತೆ. ಮುಂದಿನ ವಾರ ಲಿವರ್ಮೋರ್ ದೇವಸ್ಥಾನಕ್ಕೆ ಇದರಲ್ಲೇ ಹೋಗುತ್ತೇನೆ, ವಾಹನ ಪೂಜೆಗೆ.

ಕಿಟ್ಟಿ: ದಾರಿಯಲ್ಲಿ ನೀರ್ ದೋಸೆ ಸಿಗುತ್ತಾ?

ಮೈಸೂರು ದೊಡ್ಡಪ್ಪ: ಆಯಿಲ್ ನೋಡಿದೆಯಾ?

ಗುಂಡಣ್ಣ: ನೋಡಿದೆ ಅಪ್ಪ. ಇದಕ್ಕೆ ಸಮತಟ್ಟು ಜಾಗದಲ್ಲಿ, ಎಂಜಿನ್ ಬಿಸಿಯಾಗಿ ಓಡುತ್ತಿರುವಾಗಲೇ ಕಡ್ಡಿ ತೆಗೆದು ನೋಡಬೇಕು.

ಮೈಸೂರು ದೊಡ್ಡಪ್ಪ: ಓಡುತ್ತಿರುವಾಗಲೇ?

ಗುಂಡಣ್ಣ: ಹೌದು. ನೀವು ಬಂದಾಗ ತೋರಿಸುತ್ತೇನೆ. ನೀವೂ ಓಡಿಸಿ.

ದೊಡ್ಡಪ್ಪ ಟೈಪ್ ಮಾಡುತ್ತಿದ್ದಾರೆ ಅಂತ ಬಂತು. ನಿಂತಿತು. ಮತ್ತೆ ಬಂತು. ಹತ್ತು ನಿಮಿಷ ಹೀಗೇ.

ಮೈಸೂರು ದೊಡ್ಡಪ್ಪ: ಕ್ಲಚ್ ಸರಿಯಾಗೇ ಇತ್ತು.

ಶಿವಮೊಗ್ಗ ಅತ್ತೆ: ಗೊತ್ತಿತ್ತು ಅಣ್ಣಯ್ಯ. ಊಟ ಆಯ್ತಾ?