ದೋಸೆ ಕಲ್ಲಿಗೆ ಎಷ್ಟು ನೀರು?

ಭಾನುವಾರ ಬೆಳಿಗ್ಗೆ ಬಸವನಗುಡಿಯ ಒಂದು ದರ್ಶಿನಿಯಲ್ಲಿ ನಾಲ್ಕು ಜನ ನಿಂತಿದ್ದೆವು. ನಾನು, ಸೀನ, ಮಂಜ, ಮತ್ತು ನನ್ನ ಸೋದರಮಾವ. ಮಾವ ವಾಯುಪಡೆಯಲ್ಲಿ ವಿಮಾನದ ಎಂಜಿನ್ ನೋಡಿಕೊಂಡು ರಿಟೈರ್ ಆದವರು. ಸೀನ ಚೀಲದಿಂದ ಒಂದು ನೀರಿನ ಬಾಟಲಿ ತೆಗೆದು ಸ್ಟೀಲ್ ಲೋಟಗಳ ಪಕ್ಕ ಇಟ್ಟ.

“ಏನೋ ಅದು?” ಎಂದರು ಮಾವ.

“ಮೆಥನಾಲ್ ಮಾವ. ಕಾರಿಗೆ.”

ಮಾವ ಇಡ್ಲಿ ಬಿಟ್ಟು ಬಾಟಲಿಗೆ ಕೈ ಹಾಕಿದರು. “ಕುಡಿಯೋ ನೀರಿನ ಬಾಟಲೀಲಿ ತಂದಿದ್ದೀಯಲ್ಲೋ! ಕಳ್ಳಬಟ್ಟಿ ಕುಡಿದು ಕಣ್ಣು ಹೋಯ್ತು, ಜೀವ ಹೋಯ್ತು ಅಂತ ಪೇಪರಲ್ಲಿ ಬರುತ್ತಲ್ಲ, ಅದು ಇದೇ. ಬೆಂಕಿ ಹತ್ತಿದರೆ ಹಗಲಲ್ಲಿ ಉರಿ ಕೂಡ ಸರಿಯಾಗಿ ಕಾಣಲ್ಲ.” ಬಾಟಲಿ ಮೇಲೆ ದಪ್ಪ ಅಕ್ಷರದಲ್ಲಿ ‘ವಿಷ’ ಅಂತ ಬರೆಸಿ, ಅದನ್ನು ಕಾರಿನ ಡಿಕ್ಕಿಗೆ ಕಳಿಸಿದ ಮೇಲೇ ಅವರು ಚಟ್ನಿ ಮುಟ್ಟಿದ್ದು.

ವಿಷಯ ಇಷ್ಟು. ಸೀನನ ಹತ್ತಿರ 1.8 ಲೀಟರಿನ ಹಳೆಯ ಟರ್ಬೊ ಕಾರಿದೆ. ಈಗ ಅದರ ಎಂಜಿನ್‌ಗೆ ಹೋಗುವ ಗಾಳಿಗೆ ನೀರು-ಮೆಥನಾಲ್ ಚಿಮುಕಿಸುವ ಕಿಟ್ ತಂದಿದ್ದಾನೆ. ಕಿಟ್‌ನಲ್ಲಿ ಎರಡು ತಿರುಪು ಇವೆ. ಯಾವ ಬೂಸ್ಟ್‌ಗೆ (ಅಂದರೆ ಟರ್ಬೊ ಗಾಳಿಯನ್ನು ಒತ್ತುವ ಒತ್ತಡಕ್ಕೆ) ಶುರು, ಯಾವ ಬೂಸ್ಟ್‌ಗೆ ಫುಲ್. ಸೀನನ ಲೆಕ್ಕ ಸರಳ: ಬೇಗ ಶುರು, ಜಾಸ್ತಿ ನೀರು, ಜಾಸ್ತಿ ಪಿಕಪ್.

“ನೀರಿಂದ ಪಿಕಪ್ ಬರೋ ಹಾಗಿದ್ದರೆ ಜಲಮಂಡಳಿ ಟ್ಯಾಂಕರು ರಾಕೆಟ್ ಆಗಿರ್ತಿತ್ತು,” ಎಂದ ಮಂಜ.

ಎದುರಿಗೆ ಭಟ್ಟರು ಕಾದ ಕಲ್ಲಿಗೆ ಒಂದು ಬೊಗಸೆ ನೀರು ಚೆಲ್ಲಿದರು. ಚುಯ್ ಎಂದಿತು. ಪೊರಕೆ ಎಳೆದು ಹಿಟ್ಟು ಹುಯ್ದರು.

“ನೋಡಿಲ್ಲಿ,” ಎಂದರು ಮಾವ. “ಆ ನೀರಿಂದ ದೋಸೆಗೆ ರುಚಿ ಬಂತಾ? ಇಲ್ಲ. ಸೀಯೋದು ತಪ್ಪಿತು. ಅದಕ್ಕೇ ಭಟ್ಟರು ಉರಿ ಜೋರಾಗಿ ಇಡಬಹುದು.”

ಎಂಜಿನ್‌ನಲ್ಲೂ ಹಾಗೇ. ಟರ್ಬೊ ಗಾಳಿಯನ್ನು ಒತ್ತುತ್ತದೆ, ಒತ್ತಿದ ಗಾಳಿ ಬಿಸಿಯಾಗುತ್ತದೆ. ಬಿಸಿ ಜಾಸ್ತಿಯಾದರೆ ಪೆಟ್ರೋಲ್ ಹೊತ್ತಲ್ಲದ ಹೊತ್ತಲ್ಲಿ ತಾನೇ ಸಿಡಿಯುತ್ತದೆ. ಅದೇ ನಾಕಿಂಗ್. ಒಂದು ಕಿಲೋ ನೀರು ಆವಿಯಾಗುವಾಗ ಸುಮಾರು 2,260 ಕಿಲೋಜೌಲ್ ಶಾಖ ಹೀರುತ್ತದೆ. ಮೆಥನಾಲ್ ಅದರ ಅರ್ಧ, 1,100ರಷ್ಟು. ಪೆಟ್ರೋಲ್ 350ರ ಆಸುಪಾಸು. ತಂಪು ಮಾಡುವುದರಲ್ಲಿ ನೀರೇ ದೊಡ್ಡಣ್ಣ. ಮೆಥನಾಲ್ ತಂಪೂ ಕೊಡುತ್ತದೆ, ತಾನೂ ಉರಿಯುತ್ತದೆ. ಅದರ ಆಕ್ಟೇನ್ 100ರ ಮೇಲಿರುವುದರಿಂದ ಸುಲಭಕ್ಕೆ ಸಿಡಿಯುವುದಿಲ್ಲ.

“ಹಾಗಾದ್ರೆ ಪೂರ್ತಿ ಮೆಥನಾಲ್ ಹಾಕ್ಲಾ?”

“ಅರ್ಧಕ್ಕರ್ಧ ಸಾಕು,” ಎಂದ ಮಂಜ. “ಎರಡನೇ ಮಹಾಯುದ್ಧದಲ್ಲಿ ಜರ್ಮನ್ನರು ಮೆಸ್ಸರ್‌ಶ್ಮಿಟ್ ವಿಮಾನಕ್ಕೂ ಹೆಚ್ಚುಕಡಿಮೆ ಹಾಗೇ ಬೆರೆಸ್ತಿದ್ರು. ನಿನ್ನದು ಅದಕ್ಕಿಂತ ದೊಡ್ಡ ಯುದ್ಧನಾ?”

ಮಾವನಿಗೆ ಆವ್ರೋ ನೆನಪಾಯಿತು. ಆ ವಿಮಾನದ ಡಾರ್ಟ್ ಎಂಜಿನ್‌ಗೂ ಇದೇ ವ್ಯವಸ್ಥೆ ಇತ್ತಂತೆ. ಬೇಸಿಗೆಯ ಮಧ್ಯಾಹ್ನ ಗಾಳಿ ತೆಳುವಾಗಿ ಎಂಜಿನ್ ಸೊರಗುತ್ತದೆ. ಆಗ ನೀರು-ಮೆಥನಾಲ್ ಬಿಟ್ಟರೆ ಸೊರಗಿದ್ದು ವಾಪಸ್ ಬರುತ್ತದೆ. “ಅದೂ ಟೇಕಾಫ್‌ಗೆ ಮಾತ್ರ. ಸುಮ್ನೆ ದಾರಿಯುದ್ದಕ್ಕೂ ಅಲ್ಲ,” ಎಂದು ಸೀನನ ಕಡೆ ನೋಡಿದರು.

ಮಂಜ ಟಿಶ್ಯೂ ಪೇಪರ್ ಮೇಲೆ ಲೆಕ್ಕ ಶುರು ಮಾಡಿದ. ಕಾರು 200 ಅಶ್ವಶಕ್ತಿಯದು ಅಂದುಕೊಳ್ಳೋಣ. ಪೂರ್ತಿ ಒತ್ತಿದಾಗ ನಿಮಿಷಕ್ಕೆ ಸುಮಾರು 1.2 ಲೀಟರ್ ಪೆಟ್ರೋಲ್ ಕುಡಿಯುತ್ತದೆ. ಅದರ ನೂರಕ್ಕೆ 10ರಿಂದ 20 ಪಾಲು ಈ ಮಿಶ್ರಣ ಸಾಕು. 15 ಅಂದರೆ 180 ಎಂಎಲ್. ಅಷ್ಟು ಬಿಡುವ ನಾಜಲ್ ಹಾಕು. ಬೂಸ್ಟ್ 16 ಪಿಎಸ್‌ಐ ತನಕ ಹೋದರೆ 8ಕ್ಕೆ ಶುರು, 15ಕ್ಕೆ ಫುಲ್.

“4ಕ್ಕೇ ಶುರು ಮಾಡಿದ್ರೆ?”

“ಕಲ್ಲು ಕಾಯೋ ಮೊದಲೇ ನೀರು ಚೆಲ್ಲಿದ್ರೆ ಏನಾಗುತ್ತೆ? ದೋಸೆ ಅಂಟಿಕೊಳ್ಳುತ್ತೆ. ಗಾಡಿ ಮುಕ್ಕರಿಯುತ್ತೆ.”

“ನೀರು ಸಾಲದಿದ್ರೆ ಪಂಪ್ ಪ್ರೆಶರ್ ಏರಿಸ್ತೀನಿ.”

“ಪ್ರೆಶರ್ ನಾಲ್ಕು ಪಟ್ಟು ಏರಿಸಿದ್ರೆ ನೀರು ಎರಡೇ ಪಟ್ಟು ಬರೋದು. ನಾಜಲ್ ಬದಲಾಯಿಸು ಮಾರಾಯ.”

ಸೀನ ಹಣ ಉಳಿಸುವ ದಾರಿಯನ್ನೂ ಯೋಚಿಸಿದ್ದ. ಗಾಜು ತೊಳೆಯುವ ನೀರಿನ ಟ್ಯಾಂಕನ್ನೇ ಇದಕ್ಕೂ ಬಳಸುವುದು.

“ಅದರಲ್ಲಿ ಶಾಂಪೂ ಹಾಕಿದ್ದೀಯಲ್ಲೋ,” ಎಂದೆ.

“ಎಂಜಿನ್‌ಗೆ ಎಣ್ಣೆ ಸ್ನಾನ ದಿನಾ ಆಗ್ತಿದೆ, ತಲೆಗೂ ಒಂದು ಸಲ ಆಗಿಬಿಡಲಿ ಅಂತ,” ಎಂದ ಮಂಜ.

ಬೇರೆ ಟ್ಯಾಂಕ್ ಎಂದು ತೀರ್ಮಾನವಾಯಿತು. ನೀರು? ಸೀನನ ಮನೆಯಲ್ಲಿ ಬೋರ್‌ವೆಲ್. ಅವರ ಗೀಸರ್ ಒಳಗೆ ಸುಣ್ಣದ ಗವಿಯೇ ಇದೆ. ನಾಜಲ್‌ನ ತೂತೋ, ಸಾಸಿವೆಗಿಂತ ಸಣ್ಣದು. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರೇ ಗತಿ.

“5 ಲೀಟರ್ ಎಷ್ಟು ದಿನ ಬರುತ್ತೆ?”

“ಪೂರ್ತಿ ಒತ್ತಿಕೊಂಡೇ ಇದ್ರೆ ಸುಮಾರು ಇಪ್ಪತ್ತೆಂಟು ನಿಮಿಷ. ಸಿಲ್ಕ್ ಬೋರ್ಡ್ ಕಡೆ ಓಡಾಡಿದ್ರೆ ಮುಂದಿನ ಯುಗಾದಿ ತನಕ. ಅಲ್ಲಿ ಬೂಸ್ಟ್ ಎಲ್ಲಿ ಬರುತ್ತೆ?”

ಸೀನ ಪೆಚ್ಚಾದ. ಮಂಜ ಇನ್ನೂ ಪೆಚ್ಚು ಮಾಡಿದ. ಮೊದಲು ಬರೀ ನೀರು ಬಿಟ್ಟು ನೋಡಬೇಕು. ಪಿಕಪ್ ಏನೂ ಏರುವುದಿಲ್ಲ, ಒಂಚೂರು ಇಳಿದರೂ ಇಳಿಯಬಹುದು. ನಾಕಿಂಗ್ ಕಡಿಮೆಯಾಗಿದ್ದು ಟ್ಯೂನರ್‌ನ ಲ್ಯಾಪ್‌ಟಾಪಿನಲ್ಲಿ ಕಂಡ ಮೇಲೇ ಇಗ್ನಿಷನ್ ಟೈಮಿಂಗನ್ನು, ಅಂದರೆ ಕಿಡಿ ಹಾರುವ ಹೊತ್ತನ್ನು, ಸ್ವಲ್ಪ ಸ್ವಲ್ಪ ಬೇಗ ಮಾಡುವುದು. ಪಿಕಪ್ ಬರುವುದು ಅಲ್ಲಿ.

“ಟ್ಯಾಂಕ್ ಖಾಲಿಯಾದ್ರೆ?” ಎಂದೆ ನಾನು. ನನ್ನ ಕಡೆಯಿಂದ ಬಂದ ಒಂದೇ ಒಳ್ಳೆ ಪ್ರಶ್ನೆ.

“ಏರಿಸಿದ ಟೈಮಿಂಗ್ ಹಾಗೇ ಇದ್ದು ನೀರು ನಿಂತರೆ ಪಿಸ್ಟನ್ ಹೋಯ್ತು ಅಂತ ತಿಳ್ಕೋ,” ಎಂದ ಮಂಜ. ಆಮೇಲೆ ಅಮೆರಿಕದ ಓಲ್ಡ್ಸ್‌ಮೊಬೈಲ್ ಜೆಟ್‌ಫೈರ್ ಕಥೆ ಹೇಳಿದ. 1962ರ ಕಾರು. ಟರ್ಬೊ ಇದ್ದೂ ಕಂಪ್ರೆಷನ್ (ಸಿಲಿಂಡರ್ ಒಳಗೆ ಗಾಳಿಯನ್ನು ಎಷ್ಟು ಪಟ್ಟು ಒತ್ತುತ್ತದೆ ಅನ್ನೋ ಲೆಕ್ಕ) 10.25, ಆ ಕಾಲಕ್ಕೆ ಧೈರ್ಯವೇ. ಅದಕ್ಕೂ ನೀರು-ಮೆಥನಾಲ್ ಟ್ಯಾಂಕ್ ಕೊಟ್ಟು, ‘ಟರ್ಬೊ ರಾಕೆಟ್ ಫ್ಲೂಯಿಡ್’ ಅಂತ ಹೆಸರಿಟ್ಟಿದ್ದರು. ಜನ ತುಂಬಿಸುವುದನ್ನೇ ಮರೆತರು. ಖಾಲಿಯಾದಾಗ ಕಾರು ತಾನೇ ಬೂಸ್ಟ್ ತಗ್ಗಿಸುತ್ತಿತ್ತು. ಎಂಜಿನ್ ಉಳಿಯಿತು, ಓನರ್ ಮಾತ್ರ ಗಾಡಿ ಎಳೆಯುತ್ತಿಲ್ಲ ಅಂತ ಗೊಣಗಿದ.

“ನನ್ನ ಕಿಟ್‌ನಲ್ಲೂ ಅಂಥದ್ದಕ್ಕೆ ಒಂದು ವೈರಿದೆ,” ಎಂದ ಸೀನ. “ಎಲ್ಲಿಗೆ ಅಂತ ಗೊತ್ತಾಗದೆ ಟೇಪ್ ಸುತ್ತಿಟ್ಟಿದ್ದೀನಿ.”

ಮಾವ ಹಣೆ ಒತ್ತಿಕೊಂಡರು.

ಅಷ್ಟರಲ್ಲಿ ಭಟ್ಟರು ಚೊಂಬಿಗೆ ಕೈ ಹಾಕಿದರು. ಚೊಂಬು ಖಾಲಿ. ಅವರು ಕೂಗಲಿಲ್ಲ, ತಿರುಗಲೂ ಇಲ್ಲ. ಮೊದಲು ಕೈ ಕೆಳಗೆ ಹೋಗಿ ಗ್ಯಾಸ್ ಸಣ್ಣ ಮಾಡಿತು. ಆಮೇಲೆ, “ಲೋ, ನೀರು ತಾರೋ!”

ಮಾವ ಏನೂ ಹೇಳಲಿಲ್ಲ. ಗಲ್ಲದಲ್ಲೇ ಆ ಕಡೆ ತೋರಿಸಿದರು.

ಸೀನ ಸ್ವಲ್ಪ ಹೊತ್ತು ಕಲ್ಲನ್ನೇ ನೋಡಿದ. ಆಮೇಲೆ ಮೆಲ್ಲಗೆ ಕೇಳಿದ, “ಮಾವ, ಟ್ಯೂನಿಂಗ್‌ಗೆ ಭಟ್ಟರು ಎಷ್ಟು ತಗೋತಾರೆ?”