ಅಪ್‌ಡೇಟ್: ಸ್ಪೈಡರ್ ಕಾರು ಮಾರಿದೆ, ಪೇಂಟ್ ಮಾಡಿಸದೆಯೇ

ನನ್ನ 1974ರ ಆಲ್ಫಾ ರೋಮಿಯೋ ಸ್ಪೈಡರ್ (ಬಟ್ಟೆಯ ಟಾಪ್ ಮಡಚಿಡುವ ಇಟಲಿಯ ಕಾರು) ಮಾರುವ ಮೊದಲು ಪೇಂಟ್ ಮಾಡಿಸಲೋ, ಇದ್ದ ಹಾಗೇ ಕೊಡಲೋ ಅಂತ ಕೇಳಿದ್ದೆ. ಇದ್ದ ಹಾಗೇ ಕೊಟ್ಟೆ.

ಪೇಂಟ್ ಬೇಡ ಅಂದವರ ಮಾತೇ ಸರಿ. ಈ ಕಾರುಗಳಿಗೆ ತುಕ್ಕೇ ದೊಡ್ಡ ಶತ್ರು ಅಲ್ವಾ? ಹೊಸ ಬಣ್ಣ ಕಂಡರೆ ಅಡಿಯಲ್ಲಿ ತುಕ್ಕು ಮುಚ್ಚಿದ್ದಾರೇನೋ ಅಂತ ಅನುಮಾನವೇ ಜಾಸ್ತಿ. ಕೊಂಡವರು ಹೊಳಪಿನ ಕಡೆ ನೋಡಲೇ ಇಲ್ಲ. ಬಾಗಿಲ ಕೆಳಗಿನ ಪಟ್ಟಿಗೆ ಅಯಸ್ಕಾಂತ ಹಿಡಿದರು. ಪುಟ್ಟಿ ದಪ್ಪಗೆ ತುಂಬಿದ ಕಡೆ ಅದು ಅಂಟುವುದಿಲ್ಲ. ಮ್ಯಾಟ್ ಎತ್ತಿ ತಳದ ತಗಡನ್ನು ಒತ್ತಿ ನೋಡಿದರು. ‘ನಾನು ಬರುವ ತನಕ ಸ್ಟಾರ್ಟ್ ಮಾಡಬೇಡಿ’ ಅಂತ ಮೊದಲೇ ಹೇಳಿದ್ದರು. ಜಾಣರು! ಗಾಡಿ ತಣ್ಣಗಿದ್ದಾಗ ಎರಡನೇ ಗೇರ್ ಕರಕರ ಅನ್ನುತ್ತದೆ. ಸಿಂಕ್ರೊ (ಗೇರ್ ಸಲೀಸಾಗಿ ಬೀಳಲು ಒಳಗಿರುವ ಭಾಗ) ಸವೆಯುವುದು ಹಳೇ ಆಲ್ಫಾಗಳ ಹುಟ್ಟುಗುಣ. ಅದನ್ನು ಜಾಹೀರಾತಿನಲ್ಲೇ ಬರೆದಿದ್ದೆ, ಹಾಗಾಗಿ ಅದರ ಮೇಲೆ ಚೌಕಾಸಿ ನಡೆಯಲಿಲ್ಲ. ಟಾಪ್ ಬಟ್ಟೆ ಹರಿದದ್ದಕ್ಕೆ ಮಾತ್ರ ಸ್ವಲ್ಪ ಇಳಿಸಿದೆ.

ಇನ್ನೊಬ್ಬರು ಬಂದು, 1966ರ ಮೊದಲ ಮಾದರಿಯ ಉದ್ದನೆ ದುಂಡು ಬಾಲ (ಕಾರಿನ ಹಿಂಭಾಗ) ಇಲ್ಲವಲ್ಲ ಅಂತ ಬೇಜಾರು ಮಾಡಿಕೊಂಡರು. 1970ರಿಂದಲೇ ಬಾಲ ಮೊಟಕಾಗಿದೆ ಸ್ವಾಮಿ, ನಾನೇನು ಮಾಡಲಿ!

ಬೆಲೆ ಬೀಳದಂತೆ ಹಿಡಿದದ್ದು ಹಳೇ ಬಿಲ್ಲುಗಳ ಫೈಲ್. ಎಂಜಿನ್ ನಂಬರ್ ದಾಖಲೆಗೆ ತಾಳೆಯಾದ ಮೇಲೆ ಕೊಂಡವರು ಜಾಸ್ತಿ ಎಳೆದಾಡಲಿಲ್ಲ. ಹಾರ್ಡ್‌ಟಾಪ್ (ಬಿಚ್ಚಿಡಬಹುದಾದ ಗಟ್ಟಿ ಚಾವಣಿ) ಅವರಿಗೆ ಬೇಡವಂತೆ, ಅದನ್ನು ಬೇರೆಯಾಗಿ ಮಾರುತ್ತೇನೆ.